ಕಂಚಿನ ಗೋಪಾಲ ಮತ್ತು ಹಸಿರು ಪುಡಿ

ವೆಸ್ಟ್‌ಮಂಟ್‌ನ ನಮ್ಮ ಮನೆಯ ದೇವರಗೂಡಿನಲ್ಲಿರುವ ಕಂಚಿನ ಗೋಪಾಲ ಗೇಣುದ್ದವೂ ಇಲ್ಲ. ಅತ್ತೆಯ ತವರಿನಲ್ಲಿ ಏಳೆಂಟು ತಲೆಮಾರು ಪೂಜೆಗೊಂಡವನು. ದಿನಾ ಬೆಳಗ್ಗೆ ಅವನಿಗೆ ನೀರೆರೆಯದೆ ಅತ್ತೆ ಕಾಫಿ ಕುಡಿದವರಲ್ಲ. ಕಳೆದ ವರ್ಷ ಅವನ ಕುತ್ತಿಗೆಯ ಸುತ್ತ ತಿಳಿ ಹಸಿರು ಪುಡಿ ಕಾಣಿಸಿತು. ಕೊಳೆ ಅಂದರೆ ನನಗಾಗದು. ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಪುಡಿ ಇದ್ದಲ್ಲಿ ತಿಕ್ಕಿದೆ, ಅಷ್ಟು ಜಾಗ ಥಳಥಳ ಹೊಳೆಯಿತು. ವಾರದಲ್ಲಿ ಪುಡಿ ಮತ್ತೆ ಬಂತು. ನಾನೂ ಬಿಡಲಿಲ್ಲ, ಇನ್ನಷ್ಟು ಉಪ್ಪು ಹಾಕಿದೆ. ಮೂರನೆಯ ಸಲ ಎಡಗಿವಿಯ ತುದಿಯೇ ಉದುರಿ ಕೈಗೆ ಬಂತು.

ಹತ್ತಿರದ ಊರಾದ ಡೆಸ್ ಪ್ಲೇನ್ಸ್‌ನಲ್ಲಿ ಹಳೆಯ ಲೋಹದ ವಸ್ತುಗಳನ್ನು ಉಳಿಸಿಕೊಡುವ ಹುಡುಗಿಯೊಬ್ಬಳಿದ್ದಾಳೆ, ನಮ್ಮ ಹಾಗೇ ಈ ದೇಶಕ್ಕೆ ಬಂದ ಕನ್ನಡದವರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು. ಗೋಪಾಲನನ್ನು ಅವಳ ಬಳಿಗೆ ಒಯ್ದೆ. ಮೈಕ್ರೋಸ್ಕೋಪಿನಲ್ಲಿ ನೋಡಿ, "ಆಂಟಿ, ಸಾಲ್ಟ್ ಯೂಸ್ ಮಾಡಿದ್ರಾ?" ಎಂದಳು. ಉಪ್ಪು ಒಳಗಿಳಿದು, ತೇವ ಸಿಕ್ಕಾಗಲೆಲ್ಲ ಕಂಚನ್ನು ತಿನ್ನುತ್ತದಂತೆ. ರೋಗಕ್ಕೆ ನಾನೇ ಕೂರಿಸಿ ಊಟ ಬಡಿಸಿದ್ದೆ.

ಆಮೇಲೆ ಏನಾದರೊಂದು ನೆಪ ಹೂಡಿ ಅವಳ ಕೆಲಸ ನೋಡಲು ಹೋಗುತ್ತಿದ್ದೆ. ಸೂಜಿಯ ಮೊನೆಯಿಂದ ಒಂದೊಂದೇ ಕಣ ತೆಗೆಯುತ್ತಾಳೆ. ಕೊಳಲು ಹಿಡಿದ ಬೆರಳುಗಳಿಗೇ ಒಂದು ದಿನ ಹಿಡಿಯಿತು. ಹಳೆಯ ಕಂದು ಬಣ್ಣವನ್ನು ಮಾತ್ರ ಮುಟ್ಟುವುದಿಲ್ಲ. ಸ್ವಲ್ಪ ಹೊಳಪು ಬರಿಸಮ್ಮ ಎಂದರೆ, "ಅದು ಅವನ ಸ್ಕಿನ್ ಆಂಟಿ" ಎಂದು ನಗುತ್ತಾಳೆ. ನಲವತ್ತು ವರ್ಷ ಪಾತ್ರೆ ಬೆಳಗಿದ ನನ್ನ ಕೈಗೆ ಅಂಥ ತಾಳ್ಮೆ ಒಂದು ದಿನವೂ ಬಂದಿಲ್ಲ. ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು.

ಮನೆಯಲ್ಲಿ ಅತ್ತೆ ದಿನಾ ಕೇಳುತ್ತಿದ್ದರು, "ಯಾವಾಗ ಬರ್ತಾನೆ?"

ಎರಡು ತಿಂಗಳಾದ ಮೇಲೆ ಹುಡುಗಿ ತಾನೇ ಡ್ರೈವ್ ಮಾಡಿಕೊಂಡು ಗೋಪಾಲನನ್ನು ತಂದಳು. ಇನ್ನು ಮೇಲೆ ಅವನಿಗೆ ನೀರು ಸೋಕಕೂಡದು ಎಂದು ನನಗೆ ಮೊದಲೇ ಹೇಳಿದ್ದಳು. ಅತ್ತೆಗೆ ಅದನ್ನು ಹೇಳಲು ನನಗೆ ಬಾಯೇ ಬರಲಿಲ್ಲ. ಕೊನೆಗೆ ಅವಳೇ ಹೇಳಿದಳು: "ಅಜ್ಜಿ, ವಾಟರ್ ಬೇಡ. ಹಾಕಿದ್ರೆ ಮುಖ ಹೋಗುತ್ತೆ."

ಅತ್ತೆ ಗೋಪಾಲನ ಮುಖ ನೋಡಿದರು. ಆಮೇಲೆ ಕನ್ನಡಿ ತಾ ಅಂದರು. ಮಣ್ಣಿನ ವಿಗ್ರಹವಾದರೆ ಕನ್ನಡಿಯಲ್ಲಿನ ಬಿಂಬಕ್ಕೆ ಅಭಿಷೇಕ ಮಾಡುವುದುಂಟು. ನನಗದು ಹೊಳೆದೇ ಇರಲಿಲ್ಲ. ತಟ್ಟೆಯಲ್ಲಿ ಕನ್ನಡಿ ನಿಲ್ಲಿಸಿ, ಮುಖ ಅದರಲ್ಲಿ ಕಾಣುವಂತೆ ಗೋಪಾಲನನ್ನು ದೂರದಲ್ಲಿಟ್ಟರು. ನೀರಿನ ಚಮಚ ನನಗೆ ಕೊಡಲಿಲ್ಲ, ತಾವೂ ಹಿಡಿಯಲಿಲ್ಲ.

"ಮೊದಲು ನೀನು ಹಾಕಮ್ಮ. ಇಷ್ಟು ದಿನ ಅವನನ್ನ ನೋಡ್ಕೊಂಡಿದ್ದು ನೀನಲ್ವಾ" ಎಂದು ಹುಡುಗಿಯ ಕೈಗಿಟ್ಟರು.

ಎರಡು ತಿಂಗಳಲ್ಲಿ ಒಮ್ಮೆಯೂ ಅಲುಗದ ಆ ಕೈ ಕನ್ನಡಿಗೆ ಎರೆಯುವಾಗ ಅರ್ಧ ನೀರನ್ನು ನೆಲಕ್ಕೆ ಚೆಲ್ಲಿತು.