ಪರದೆ ಬದಲಿಸುವ ಜೈಭೀಮ
ಪುಣೆಯ ಹಡಪಸರದಲ್ಲಿ ವಡಾಪಾವ್ ಗಾಡಿಯ ಪಕ್ಕ ಮೊಬೈಲ್ ಅಂಗಡಿ ಇಟ್ಟಿರುವ ಜೈಭೀಮನಿಗೆ ಫೋನಿನ ಜೊತೆಗೇ ಬಂದ ಹೋಂ ಸ್ಕ್ರೀನ್ ಕಂಡರೆ ಆಗುವುದಿಲ್ಲ. "ಇದೇನ್ರಿ, ಕಂಪನಿಯವ್ರು ಸಂತಿನೇ ಕೂಡಿಸಿಬಿಟ್ಟಾರ" ಎಂದು ಗೊಣಗುತ್ತಾನೆ. ಚಾರ್ಜರ್ ಕೊಳ್ಳಲು ಬಂದವರೂ ಪರದೆಯ ರೂಪವನ್ನೇ ಬದಲಿಸುವ ಹೊಸ ಲಾಂಚರ್ ಆ್ಯಪ್ ಹಾಕಿಸಿಕೊಂಡೇ ಹೋಗಬೇಕು. ಹೆದರಿದವರಿಗೆ ಅವನ ಬಳಿ ಒಂದೇ ಸಮಾಧಾನ: "ಬುಡಕ್ಕ ಕೈ ಹಚ್ಚಂಗಿಲ್ರಿ, ಬರೇ ಮಾರಿ ಬದಲ ಮಾಡ್ತೀನಿ. ಬ್ಯಾಡಾದ್ರ ಹಳೇದು ಒಳಗ ಅದ." ಮದುವೆಯ ಪಂಕ್ತಿಯಲ್ಲಿ ಕೂತರೆ ಸಾರು ಬರುವಷ್ಟರಲ್ಲಿ ಪಕ್ಕದವನ ಫೋನಿನ ಪರದೆ ಬದಲಾಗಿರುತ್ತದೆ. ಓದು ಬಾರದ ಗಾರೆ ಕೆಲಸದ ಹೆಂಗಸರಿಗಂತೂ ಅವನು ಹಾಕಿಕೊಡುವುದು ಒಂದೇ ಲಾಂಚರ್: ಪರದೆ ತುಂಬ ಆರು ದೊಡ್ಡ ಫೋಟೊ, ಯಾರ ಮುಖ ಒತ್ತಿದರೆ ಅವರಿಗೇ ಫೋನು. ಹಾಗೆ ಒಮ್ಮೆ ಅವರಲ್ಲೊಬ್ಬಳಾದ ಮುದುಕಿ ಅವ್ವಮ್ಮನಿಗೂ ಹಾಕುತ್ತ, "ಯಾರ್ಯಾರ ಫೋಟೊ ಇಡ್ಲಿ ಬೇ?" ಎಂದು ಕೇಳಿದ. "ನನಗ್ಯಾರ ಅದಾರಪಾ" ಎಂದಳು. ಖಾಲಿ ಚೌಕ ಬಿಡುವುದು ಜೈಭೀಮನ ಜಾಯಮಾನವಲ್ಲ. ಆರರಲ್ಲೂ ತನ್ನದೇ ಫೋಟೊ, ತನ್ನದೇ ನಂಬರು ತುಂಬಿದ. ಒಂದರಲ್ಲಿ ಚಷ್ಮಾ, ಒಂದರಲ್ಲಿ ಟೊಪ್ಪಿಗೆ, ಒಂದರಲ್ಲಿ ಹೆಂಡತಿಯ ಶಾಲು. ಈಗ ದಿನಾ ಮಧ್ಯಾಹ್ನ ಅವಳು ಫೋನು ಮಾಡುತ್ತಾಳೆ. "ಇವತ್ತ ಟೊಪ್ಪಿಗಿ ಹಾಕ್ಕೊಂಡಾವಗ ಹಚ್ಚೀನಿ ನೋಡಪಾ" ಎನ್ನುತ್ತಾಳೆ. ಜೈಭೀಮ ಗಿರಾಕಿಯನ್ನು ನಿಲ್ಲಿಸಿ, ಮೊಳೆಗೆ ತೂಗುಹಾಕಿದ ಟೊಪ್ಪಿಗೆ ತೆಗೆದು ತಲೆಗಿಟ್ಟುಕೊಂಡು, ಆಮೇಲೆಯೇ "ಹೇಳವ್ವಾ" ಎನ್ನುತ್ತಾನೆ.