ಅಕ್ಕನ ಮದುವೆಯ ಬರಿಗೋಡೆ

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮೊದಲು ನಮ್ಮಕ್ಕನ ಮದುವೆಯಾಯಿತು. ನನಗಾಗ ಹದಿನಾರು. ಚಾಂಪಿಯನ್ ರೀಫ್ಸ್ ಪಕ್ಕದ ಹಳ್ಳಿ ನಮ್ಮದು. ಅಪ್ಪ ಚಿನ್ನದ ಗಣಿಯಲ್ಲಿ ಕೂಲಿ ಮಾಡುತ್ತಿದ್ದ.

ಧಾರೆ ಎರೆಯುವ ಜಾಗದ ಹಿಂದಿನ ಗೋಡೆಗೆ ಗಿಳಿ, ಬಾಳೆಗಿಡ ಬರೆಯುವುದು ನಮ್ಮ ಮನೆಯಲ್ಲಿ ಮದುಮಗಳ ತಂಗಿಯ ಕೆಲಸ. ಅಂಗಡಿ ಬಣ್ಣ ಮುಟ್ಟುವಂತಿಲ್ಲ. ಬೇತಮಂಗಲದ ಕೆರೆ ಕಡೆಯಿಂದ ಕೆಂಪು ಮಣ್ಣು, ಹೊಸ ಬಾವಿ ತೋಡಿದ ಕಡೆಯಿಂದ ಹಳದಿ ಮಣ್ಣು, ಹೀಗೆ ಹದಿನೈದು ದಿನ ಬಿಸಿಲಲ್ಲಿ ಅಲೆದು ತಂದಿದ್ದೆ. ಅದನ್ನು ಕುಟ್ಟಿ, ಬೋಗುಣಿಯಲ್ಲಿ ನೀರು ಹಾಕಿ, ಅಕ್ಕಿ ಜಾಲಿಸುವ ಹಾಗೆ ಜಾಲಿಸಬೇಕು. ಮರಳು ತಳಕ್ಕೆ ಇಳಿಯುತ್ತದೆ. ಮೇಲಿನ ಕದಡಿದ ನೀರನ್ನು ಮಡಕೆಗೆ ಬಗ್ಗಿಸಿ ಇಟ್ಟರೆ ಎರಡು ದಿನಕ್ಕೆ ಬಣ್ಣ ಕೂರುತ್ತದೆ.

ಮದುವೆಗೆ ಮೂರೇ ದಿನವಿತ್ತು. ಮಡಕೆಗಳೆಲ್ಲ ತುಂಬಿದ್ದವು, ಅಂಗಳದಲ್ಲಿ ಕೊನೆಯ ಬೋಗುಣಿ ಜಾಲಿಸುತ್ತಿದ್ದೆ. ಗಣಿ ಕಾವಲಿನ ಜಮಾದಾರ ಇಬ್ಬರನ್ನು ಕಟ್ಟಿಕೊಂಡು ಹೇಳದೆ ಕೇಳದೆ ನುಗ್ಗಿದ. ಮಣ್ಣು ಜಾಲಿಸುವವರೆಲ್ಲ ಚಿನ್ನದ ಕಳ್ಳರು ಎಂದೇ ಆ ಜನರ ಲೆಕ್ಕ.

"ಏನಮ್ಮೇ, ಗಣಿ ಮಣ್ಣು ಕದ್ದು ತಂದು ಚಿನ್ನ ತೆಗೀತಿದ್ದೀಯಾ?"

"ಗೋಡೆಗೆ ಬಣ್ಣ ಇದು. ಚಿನ್ನ ತೆಗೆಯೋರು ತಳ ಇಟ್ಕಂಡು ನೀರು ಚೆಲ್ತಾರೆ. ನಾನು ನೀರು ಇಟ್ಕಂಡು ತಳ ಚೆಲ್ತಿದೀನಿ. ಕಣ್ಬಿಟ್ಟು ನೋಡಿ," ಅಂದೆ.

"ಓಹೋ, ಚಿನ್ನ ತೆಗೆಯೋದು ನಿಂಗೆಂಗೆ ಗೊತ್ತು?"

ಮಡಕೆಗಳನ್ನೆಲ್ಲ ಒದ್ದು ಉರುಳಿಸಿದ. ಬಣ್ಣವೆಲ್ಲ ಅಂಗಳದ ಪಾಲಾಯಿತು. ಬೋಗುಣಿಯ ತಳದ ಮರಳನ್ನು ಮಾತ್ರ ರುಮಾಲಿನಲ್ಲಿ ಜೋಪಾನವಾಗಿ ಕಟ್ಟಿಕೊಂಡ. ಮೈಯೆಲ್ಲ ಉರಿದುಹೋಯಿತು. ಬೋಗುಣಿ ಎತ್ತಿಕೊಂಡೇ ಎದ್ದೆ.

ಅಪ್ಪ ಓಡಿಬಂದು ನನ್ನನ್ನು ಹಿಂದಕ್ಕೆ ತಳ್ಳಿದ. "ಸುಮ್ಕಿರೇ! ಕೆಲ್ಸ ಓದ್ರೆ ಏನ್ ತಿನ್ನಾನ?" ಎಂದು ಅವರ ಹಿಂದೆಯೇ ಹೋದ.

ಸಂಜೆ ವಾಪಸ್ಸು ಬಂದ. ಅದು ಬರೀ ಮರಳೆಂದು ಗೊತ್ತಾಯಿತಂತೆ. ಅವರಿಂದ ತಪ್ಪಾಯಿತು ಎಂಬ ಒಂದು ಮಾತಿಲ್ಲ. ಅಪ್ಪನೇ ಕೈಮುಗಿದು ಜಮಾದಾರನನ್ನು ಮದುವೆಗೆ ಬೇರೆ ಕರೆದು ಬಂದಿದ್ದ!

"ಬಿಟ್ರಲ್ಲ, ಅದೇ ಪುಣ್ಯ," ಅಂದ.

ಕದಿಯದೇ ಇದ್ದವರಿಗೆ ಇದ್ಯಾವ ಪುಣ್ಯ?

ಮತ್ತೆ ಮಣ್ಣು ತಂದು ಬಣ್ಣ ಇಳಿಸಲು ದಿನವಿರಲಿಲ್ಲ. ನಮ್ಮ ಮನೆಯ ಯಾವ ಹೆಣ್ಣಿಗೂ ಬರಿಗೋಡೆಯ ಮುಂದೆ ಧಾರೆಯಾಗಿರಲಿಲ್ಲ, ನಮ್ಮಕ್ಕನಿಗಾಯಿತು. "ನನ್ ಅಣೆಬರಾನೇ ಇಷ್ಟು ಕಣೇ," ಎಂದು ಅತ್ತಳು.

ಜಮಾದಾರ ಬಂದು ಮೊದಲ ಪಂಕ್ತಿಯಲ್ಲೇ ಕೂತ. ಪಾಯಸ ಬಡಿಸುತ್ತಿದ್ದವಳು ನಾನು. ಗೋಡೆ ನೋಡಿ, "ಏನಮ್ಮೇ, ಮದ್ವೆ ಮನೆ ಗೋಡೆಗೆ ಏನೂ ಬರೀಲಿಲ್ವಾ? ಲಕ್ಷಣವಾಗಿಲ್ಲ," ಅಂದ.

ಅಪ್ಪ ದೂರದಿಂದಲೇ ನನ್ನನ್ನು ನೋಡುತ್ತಿದ್ದ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಆ ಜಮಾದಾರನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿದೆ. ಇಷ್ಟು ವರ್ಷವಾದರೂ ಅವನ ಮೇಲಿನ ಸಿಟ್ಟು ಆರಿಲ್ಲ. ಆ ಸೌಟು ಹಿಡಿದ ನನ್ನ ಕೈಯ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ.