ಅಪ್ಪನ ಹೊರಸಿನ ಕಡೆಯ ಗೋಡೆ

ನನ್ನ ಅಪ್ಪ ಗೌಂಡಿ. ಹುಮನಾಬಾದ್, ಬಸವಕಲ್ಯಾಣ, ಅವುಗಳ ಸುತ್ತಲಿನ ಹಳ್ಳಿಗಳಲ್ಲಿ ಅವನು ಕಟ್ಟಿದ ಗೋಡೆಗಳನ್ನು ಎಣಿಸಿದವರಿಲ್ಲ. ನಾವು ಮಾತ್ರ ಹುಮನಾಬಾದಿನಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. "ಊರಿಗೆಲ್ಲಾ ಮನಿ ಕಟ್ಟಿ ಕೊಟ್ರಿ, ನಮಗೊಂದು ಕಟ್ಟಾಕ ಕೈ ಬರಲಿಲ್ಲ ನೋಡ್ರಿ ನಿಮಗ" ಎಂದು ಅವ್ವ ರೊಟ್ಟಿ ಬಡಿಯುವಾಗಲೆಲ್ಲ ಚುಚ್ಚುತ್ತಿದ್ದಳು. ಅಪ್ಪ ನಗುತ್ತಿದ್ದ. ತೊಂಬತ್ಮೂರರ ಭೂಕಂಪದ ತನಕ ನಗುತ್ತಿದ್ದ.

ಗಣಪತಿಯನ್ನು ನೀರಿಗೆ ಬಿಟ್ಟ ಮರುದಿನ, ಬೆಳಕು ಹರಿಯುವ ಮೊದಲೇ ನೆಲ ಅಲುಗಿತು. ನಮ್ಮ ಮನೆಯಲ್ಲಿ ನಾಲ್ಕು ಪಾತ್ರೆ ಬಿದ್ದವು, ಗೋಡೆಗೊಂದು ಬಿರುಕು ಬಂತು, ಅಷ್ಟೇ. ಗಡಿಯಾಚೆ ಮಹಾರಾಷ್ಟ್ರದ ಕಡೆ ಊರಿಗೆ ಊರೇ ಮಣ್ಣಾಗಿತ್ತು. ಕಲ್ಲು ಮಣ್ಣು ಎತ್ತಲು ಜನ ಬೇಕೆಂದಾಗ ಅಪ್ಪ ಹಾರೆ ಹಿಡಿದು ಟ್ರಕ್ಕು ಹತ್ತಿದ. ಎಂಟು ದಿನ ಬಿಟ್ಟು ಬಂದವನು ತಾಟಿನ ಮುಂದೆ ಕುಳಿತು ತನ್ನ ಕೈಗಳನ್ನೇ ನೋಡಿಕೊಂಡ. ಸತ್ತವರ ಮಾತು ಒಂದೂ ಆಡಲಿಲ್ಲ. ಗೋಡೆಗಳ ಮಾತಾಡಿದ.

"ಗ್ವಾಡಿ ನಡುವ ಸೀಳ್ಯಾವ. ಹೊರಗಿನ ಮೈ ಓಣಿಗೆ ಬಿದ್ದದ, ಒಳಗಿನ ಮೈ ಮಲಗಿದವ್ರ ಮ್ಯಾಲ ಬಿದ್ದದ. ಅದರ ಮ್ಯಾಲ ಮಾಳಗಿ ಮಣ್ಣು."

ಗೌಂಡಿಯ ಮನೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆಯ ಕಲ್ಲುಗೋಡೆ ಒಂದೂವರೆ ಮೊಳ ದಪ್ಪ, ಕೋಟೆ ಇದ್ದ ಹಾಗೆ ಕಾಣುತ್ತದೆ. ಆದರೆ ಅದು ಒಂದು ಗೋಡೆಯಲ್ಲ. ಒಳಗೊಂದು ಹೊರಗೊಂದು ಎರಡು ತೆಳು ಗೋಡೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತವೆ, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡನ್ನೂ ಹಿಡಿದು ನಿಲ್ಲಿಸಲು ಅಲ್ಲಲ್ಲಿ ಗೋಡೆಯ ಪೂರ್ತಿ ದಪ್ಪಕ್ಕೂ ಒಂದೊಂದು ಉದ್ದನೆಯ ಕಲ್ಲು ಇಡಬೇಕು. ಅಪ್ಪ ಅದಕ್ಕೆ ಉದ್ದಗಲ್ಲು ಎನ್ನುತ್ತಿದ್ದ. ಅದನ್ನು ಕಡಿಯುವುದು ಕಷ್ಟ, ತರುವುದು ಕಷ್ಟ. ಮಾಲಕನಿಗೆ ಅವಸರವಾದರೆ ಮೊದಲು ಕೈಬಿಡುವುದು ಅದನ್ನೇ. ಗೋಡೆಗೆ ಗಾರೆ ಮೆತ್ತಿ ಗಿಲಾವು ಮಾಡಿದ ಮೇಲೆ ಯಾರ ಕಣ್ಣಿಗೆ ಕಾಣುತ್ತದೆ?

"ನೀವೂ ಬಿಟ್ಟೀರೇನ್ರಿ?" ಎಂದಳು ಅವ್ವ.

ಅಪ್ಪ ರೊಟ್ಟಿ ಮುರಿದ, ತಿನ್ನಲಿಲ್ಲ. ಎರಡಾಳೆತ್ತರದ ಗೋಡೆಯ ಮೇಲೆ ಚಪ್ಪಲಿ ಹಾಕಿಕೊಂಡು ನಡೆಯುತ್ತಿದ್ದ ಮನುಷ್ಯ, ಅಂದಿನಿಂದ ಮನೆಯೊಳಗೆ ಕಾಲಿಡುವ ಮುಂಚೆ ತಲೆ ಎತ್ತಿ ತೊಲೆ ನೋಡತೊಡಗಿದ. ಅಪ್ಪನೇ ಹೆದರಿದ್ದಾನೆ ಎಂದು ತಿಳಿದದ್ದೇ ನಾನೂ ತಲೆ ಎತ್ತಿ ತೊಲೆ ನೋಡತೊಡಗಿದೆ.

ಹೆದರಿದ್ದು ಅವನೊಬ್ಬನೇ ಅಲ್ಲ. ಊರೂರೇ ಕಲ್ಲಿಗೆ ಹೆದರಿತು. ಉಳ್ಳವರು ಊರ ಹೊರಗೆ ತಗಡಿನ ಶೆಡ್ಡು ಹಾಕಿಕೊಂಡು ಹೋದರು, ಇಲ್ಲದವರು ಅಂಗಳದಲ್ಲಿ ತಾಡಪತ್ರಿ ಕಟ್ಟಿಕೊಂಡರು. ಎಂಥ ಉಲ್ಟಾ ಕಾಲ ಬಂತು ನೋಡಿ: ಅಜ್ಜ ಮುತ್ತಜ್ಜ ಕಟ್ಟಿಸಿದ ಕಲ್ಲಿನ ಮನೆ ಸಸ್ತಾ, ನಾಲ್ಕು ತಗಡಿನ ಡಬ್ಬಿ ದುಬಾರಿ! ಅದೇ ಹೊತ್ತಿಗೆ ನಮ್ಮ ಬಾಡಿಗೆ ಮನೆಯ ಮಾಲಕರು ತಮ್ಮ ಬೀಗರಿಗೆ ಜಾಗ ಬೇಕೆಂದು ನಮ್ಮನ್ನು ಖಾಲಿ ಮಾಡಲು ಹೇಳಿದರು. ಸಸ್ತಾ ಸಿಕ್ಕರೆ ಸ್ವಂತದ್ದೊಂದು ಮನೆಯನ್ನೇ ಕೊಳ್ಳೋಣವೆಂದು ಹುಡುಕತೊಡಗಿದೆವು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಮನೆಯ ಕಾಗದ ಓದಲು ಏಳನೇ ಇಯತ್ತೆಯ ಹುಡುಗಿ ನಾನು ಜೊತೆಗೆ ಹೋಗುತ್ತಿದ್ದೆ, ನನ್ನ ಪಾಟಿಚೀಲದಲ್ಲಿ ಅವನ ಸಣ್ಣ ಸುತ್ತಿಗೆ.

ಮನೆ ತೋರಿಸುವವರು ಬಾಗಿಲು, ಕಿಟಕಿ, ನೀರಿನ ನಳ ತೋರಿಸುತ್ತಿದ್ದರು. ಅಪ್ಪ ಗೋಡೆಗೆ ಕಿವಿ ಹಚ್ಚಿ ಸುತ್ತಿಗೆಯ ಹಿಂಬದಿಯಿಂದ ಟಕ್ ಟಕ್ ಎಂದು ಬಡಿಯುತ್ತಿದ್ದ. ಒಂದಿಷ್ಟು ಹೊತ್ತು ಕೇಳಿ, "ಟೊಳ್ಳು" ಎನ್ನುತ್ತಿದ್ದ. ಮುಗಿಯಿತು. ನಡೀ ಮುಂದಿನ ಓಣಿಗೆ.

ಹುಮನಾಬಾದಿನ ಹೈವೇ ಪಕ್ಕದ ಓಣಿಯಲ್ಲಿ ಒಂದು ಮನೆ ನನಗೆ ಬಹಳ ಹಿಡಿಸಿತ್ತು, ಅಂಗಳದಲ್ಲಿ ಪೇರಲ ಗಿಡ ಇತ್ತು. ಅಷ್ಟರಲ್ಲಿ ಲಾರಿ ಹೋಯಿತು, ಗೂಡಿನಲ್ಲಿದ್ದ ಚಿಮಣಿಯ ಗಾಜು ಗಿಣಿಗಿಣಿ ಅಂದಿತು. "ಇಲ್ಲಿ ದಿನಾ ಭೂಕಂಪ" ಎಂದು ಅಪ್ಪ ಹೊರಬಿದ್ದ. ಬಸವಕಲ್ಯಾಣದಲ್ಲಿ ಕೆರೆಯ ಕೆಳಗಿನ ಜಾಗ ಅಗ್ಗಕ್ಕಿತ್ತು. ಅದು ಕಪ್ಪು ಎರಿ ಮಣ್ಣು, ಬೇಸಿಗೆಗೆ ಬಿಟ್ಟ ಬಿರುಕಿನಲ್ಲಿ ಅಪ್ಪ ಪಾದ ಇಳಿಸಿ ತೋರಿಸಿದ, ಹಿಮ್ಮಡಿ ಮುಳುಗಿತು. ಹುಮನಾಬಾದ್ ರಸ್ತೆಯ ಹೊಸ ಪ್ಲಾಟುಗಳೇ ನಮಗೆ ಬೇಕಿದ್ದದ್ದು, ಅಲ್ಲೆಲ್ಲ ತಗಡು. ಆದರೆ ಅಲ್ಲಿ ಭಯಪಟ್ಟವರ ದೊಡ್ಡ ಸಾಲೇ ಇತ್ತು, ನಮಗಿಂತ ದುಡ್ಡಿದ್ದವರ ಸಾಲು. ಬಡವನ ಭಯಕ್ಕೆ ಬೆಲೆ ಎಲ್ಲಿ?

ಕೊನೆಗೆ ಮನೆ ಹುಡುಕಿದ್ದು ಅವ್ವ. ಮಂಠಾಳದ ಸಂತೆಯಲ್ಲಿ ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದಳು: ಬಸವಕಲ್ಯಾಣದ ಕೋಟೆಯ ಕಡೆ ಒಂದು ಗಲ್ಲಿಯಲ್ಲಿ ಮೂರು ಕೋಣೆ, ಬಾಗಿಲ ಮುಂದೆ ನಳ, ಸಾಲಿ ಹತ್ತಿರ. ಕಿರಾಣಿ ಅಂಗಡಿಯ ಸಾವಕಾರರದು, ಅವರು ತಗಡಿನ ಮನೆಗೆ ಹೊರಟಿದ್ದಾರೆ. ಗಲ್ಲಿಯ ಹೆಸರು ಕೇಳಿ ಅಪ್ಪ "ಅದು ಬ್ಯಾಡ" ಎಂದ. ಅವ್ವ ಬಿಡುವವಳೇ? ನನ್ನನ್ನೂ ತಮ್ಮನನ್ನೂ ಕಟ್ಟಿಕೊಂಡು ಅಪ್ಪನನ್ನು ಬಸ್ಸಿಗೆ ಹತ್ತಿಸಿದಳು.

ಸಾವಕಾರರು ಬಾಗಿಲಲ್ಲೇ ಕೈ ಎತ್ತಿ ನಕ್ಕರು. "ಅರೆ ಗೌಂಡಿ! ನಿನ್ನ ಕೈಯಾನ ಮನಿ ನೀನ ನೋಡಾಕ ಬಂದಿಯೇನು?"

ಅವ್ವನ ಮುಖ ಅರಳಿಹೋಯಿತು. "ನೀವ ಕಟ್ಟಿದ್ದೇನ್ರಿ? ಹಂಗಾದ್ರ ಇನ್ನ ಫಿಕರ್ ಯಾತರದು!"

ನಾನು ಸುತ್ತಿಗೆ ತೆಗೆದುಕೊಟ್ಟೆ. ಅಪ್ಪ ಬಡಿಯಲಿಲ್ಲ. ಓಣಿಯ ಕಡೆಯ ಗೋಡೆಗೆ ಅಂಗೈ ಹಚ್ಚಿ ನಿಂತ.

"ಸಾವಕಾರ್ರ, ಈ ಮನ್ಯಾಗ ಉದ್ದಗಲ್ಲು ಇಲ್ರಿ. ನಾನ ಇಟ್ಟಿಲ್ಲ. ನಿಮ್ಮ ಮಗಳ ಮದವಿ ಬಂದಿತ್ತು, ಜಲ್ದಿ ಮುಗಸು ಅಂದ್ರಿ, ಕಲ್ಲು ಬಂದಿದ್ದಿಲ್ಲ. ನಾ ಹಂಗ ಏರಿಸಿ ಬಿಟ್ಟೆ."

ಸಾವಕಾರರ ನಗು ಆರಿತು. ಒಮ್ಮೆ ತಲೆಯ ಮೇಲಿನ ಮಣ್ಣಿನ ಮಾಳಿಗೆ ನೋಡಿದರು, ಒಂದು ಹೆಜ್ಜೆ ಬಾಗಿಲ ಕಡೆಗೆ ಸರಿದರು. ಆಮೇಲೆ ದನಿ ತಗ್ಗಿಸಿ, "ಆಗಿದ್ದು ಆಗಿ ಹೋತು. ನಾಳಿಗಿ ಮುಡಬಿ ಊರಿನವ್ರು ನೋಡಾಕ ಬರಾಕತ್ತಾರ. ಮೂರು ಸಣ್ಣ ಹುಡುಗರು ಅವ ಪಾಪ, ಅವಸರ ಅದ ಅವ್ರಿಗೆ. ಅವ್ರ ಮುಂದ ನೀ ಬಾಯಿ ಬಿಚ್ಚಬ್ಯಾಡ" ಎಂದರು.

ಅಪ್ಪ ಗೋಡೆಯ ಮೇಲಿನ ಕೈ ತೆಗೆಯಲಿಲ್ಲ.

"ಅವ್ರಿಗಿ ಕೊಡಬ್ಯಾಡ್ರಿ. ನಾನ ತಗೋತೀನಿ."

ಬಸ್ಸಿನಲ್ಲಿ ಅವ್ವ ಹುಮನಾಬಾದಿನ ತನಕ ಬೈದಳು. ಜನ ತಿರುಗಿ ತಿರುಗಿ ನೋಡುತ್ತಿದ್ದರು, ಅವಳಿಗೆ ಖಬರಿರಲಿಲ್ಲ. "ಊರ ಮಂದಿ ಮಕ್ಕಳು ಬದುಕ್ಲಿ, ನಿಮ್ಮ ಮಕ್ಕಳು ಸಾಯ್ಲಿ, ಅಲ್ಲೇನ್ರಿ? ಹಡದಾಕಿ ನಾನು!"

"ಬ್ಯಾರೇದವ್ರು ಅದರಾಗ ಮಲಗಿದ್ರ ನನಗ ನಿದ್ದಿ ಬರಂಗಿಲ್ಲ. ನಾವಿದ್ರ ನಾ ರಿಪೇರಿ ಮಾಡ್ತೀನಿ. ಹುಡುಗರ ತಲಿ ಇರೋ ಗ್ವಾಡಿ ಮೊದಲು."

"ಮಾಡೋ ತನಕ?"

ಅಪ್ಪ ಕಿಟಕಿಯ ಹೊರಗೆ ನೋಡಿದ. ಅವ್ವನ ಕೊರಳ ಸರ ಮಾರಿ ಆ ಮನೆ ಕೊಂಡೆವು.

ಮಾಡೋ ತನಕ ನಾವು ಬದುಕಿದ್ದು ಹೀಗೆ. ನಾನು, ತಮ್ಮ, ಅವ್ವ ನಡುಕೋಣೆಯಲ್ಲಿ ನಾಲ್ಕೂ ಗೋಡೆಯಿಂದ ಸಮ ದೂರದಲ್ಲಿ ಒತ್ತೊತ್ತಿ ಮಲಗುತ್ತಿದ್ದೆವು. ಇಲಿ ಓಡಿ ಚೂರು ಮಣ್ಣು ಉದುರಿದರೆ ಅವ್ವ ಇಬ್ಬರನ್ನೂ ರಟ್ಟೆ ಹಿಡಿದು ಹೊರಗೆ ಎಳೆಯುತ್ತಿದ್ದಳು. ಅಪ್ಪ ಮಾತ್ರ ಓಣಿಯ ಕಡೆಯ ಗೋಡೆಗೆ, ಅತಿ ಟೊಳ್ಳಾಗಿದ್ದ ಅದೇ ಗೋಡೆಗೆ, ತನ್ನ ನುಲಿಯ ಹೊರಸು ಹಾಕಿಕೊಂಡು ಮಲಗತೊಡಗಿದ. "ಬೀಳೋದಾದ್ರ ಕಟ್ಟಿದವನ ಮ್ಯಾಲ ಬೀಳ್ಲಿ" ಎಂದ. ಅವ್ವ ಅವನ ಬಾಯಿ ಮುಚ್ಚಿಸಿದಳು, ಹೊರಸು ಸರಿಸಲು ಆಗಲಿಲ್ಲ.

ಅಮಾವಾಸ್ಯೆ ನಮ್ಮ ಕಡೆ ಗೌಂಡಿಗಳಿಗೆ ಸೂಟಿ. ಆ ಸೂಟಿಯ ದಿನ ಅಪ್ಪ ನಮ್ಮ ಗೋಡೆ ಬಿಚ್ಚುತ್ತಿದ್ದ. ಬಿದ್ದ ಮನೆಗಳಿಂದ ಹೊಸ್ತಿಲು ಕಲ್ಲು, ಕಿಟಕಿಯ ಮೇಲಿನ ಕಲ್ಲು ಎಂದು ಹುಡುಕಿ ತಂದು ಅಂಗಳದಲ್ಲಿ ನಲವತ್ತೆರಡು ಉದ್ದಗಲ್ಲು ಒಟ್ಟಿದ್ದ. ಒಂದು ಅಮಾವಾಸ್ಯೆಗೆ ಒಂದು ಕಲ್ಲು, ಬಹಳವಾದರೆ ಎರಡು; ಮಳೆಗಾಲದಲ್ಲಿ ಅದೂ ಇಲ್ಲ. ಒಳಗಿನಿಂದ ಒಂದು ಕಲ್ಲು, ಹೊರಗಿನಿಂದ ಒಂದು ಕಲ್ಲು ಕೀಳುತ್ತಿದ್ದ; ನಡುವಿನ ಮಣ್ಣು ಸುರಿದು ಈ ಕಡೆಯಿಂದ ಆ ಕಡೆಗೆ ಆರಪಾರ ತೂತಾಗುತ್ತಿತ್ತು, ಅದರೊಳಗೆ ಉದ್ದಗಲ್ಲು ತೂರಿಸಿ ಕೂರಿಸುತ್ತಿದ್ದ. ನಾನೊಮ್ಮೆ ಇಣುಕಿದೆ. ನಮ್ಮ ಮನೆಯ ಗೋಡೆಯೊಳಗಿಂದ ಹಿತ್ತಲಿನಲ್ಲಿ ನಿಂತ ಆಡು ಕಾಣಿಸಿತು. ಕಿರುಚಿಕೊಂಡು ಓಡಿದೆ. ನಾವು ಮಲಗುತ್ತಿದ್ದದ್ದು ಇಂಥದ್ದರ ನಡುವೆಯೇ?

ಎಳ್ಳ ಅಮಾವಾಸ್ಯೆಗೆ ಊರೆಲ್ಲ ಭಜ್ಜಿ, ರೊಟ್ಟಿ ಕಟ್ಟಿಕೊಂಡು ಹೊಲಗಳಿಗೆ ಹೋಗುತ್ತಿತ್ತು. ನಮ್ಮ ಗಲ್ಲಿಯಲ್ಲಿ ಅಂದು ಅಪ್ಪನ ಸುತ್ತಿಗೆಯ ಸದ್ದೊಂದೇ. "ಮನಿ ಕಟ್ಟಿ ನೋಡು ಅಂತಾರ, ಕಟ್ಟಿದ್ದ ಮನಿ ಮತ್ತ ಮತ್ತ ಕಟ್ಟು ಅಂತ ಯಾರೂ ಹೇಳಿಲ್ಲ" ಎಂದು ಅವ್ವ ಅಂಬಲಿಯ ಚರಿಗೆ ಅವನ ಮುಂದೆ ಕುಕ್ಕುತ್ತಿದ್ದಳು.

ಒಂದು ಮಧ್ಯಾಹ್ನ ಮತ್ತೆ ನೆಲ ಅಲುಗಿತು. ಸಣ್ಣದೇ, ನಾಲ್ಕು ಕ್ಷಣದ್ದು. ಗಲ್ಲಿಯ ಮಂದಿಯೆಲ್ಲ ಹೊರಗೆ, ನಾವೂ ಹೊರಗೆ. ಅಪ್ಪ ಇಲ್ಲ. ಅವ್ವ "ಅಯ್ಯಯ್ಯೋ" ಎಂದು ಎದೆ ಬಡಿದುಕೊಂಡಳು. ನಾನು ಬಾಗಿಲಿಂದ ನೋಡಿದರೆ ಅಪ್ಪ ಹೊರಸಿನ ಮೇಲೆ ಹತ್ತಿ, ಎರಡೂ ಕೈ ಗೋಡೆಗೆ ಕೊಟ್ಟು, ಅದನ್ನು ಒತ್ತಿ ಹಿಡಿದು ನಿಂತಿದ್ದ. ನೆಲ ನಿಂತ ಮೇಲೂ ಅವನು ಕೈ ಬಿಡಲಿಲ್ಲ, ಅವ್ವ ಹೋಗಿ ಒಂದೊಂದೇ ಬೆರಳು ಬಿಡಿಸಿದಳು.

ಅಂಗಳದ ಕಲ್ಲು ಎಣಿಸುವುದು ನನಗೊಂದು ಚಟವಾಯಿತು. ಮೂವತ್ತು. ಹದಿನೆಂಟು. ಏಳು. ಎರಡು ಸಾವಿರದ ಸುಮಾರಿಗೆ ನನ್ನ ಮದುವೆಯಾಗುವಾಗ ಎರಡೇ ಉಳಿದಿದ್ದವು, ಅವುಗಳ ಮೇಲೆ ಕೂರಿಸಿಯೇ ನನಗೆ ಅರಿಶಿಣ ಹಚ್ಚಿದರು. "ಇವೆರಡು ನನ್ನ ಹೊರಸಿನ ಕಡೀಗೆ. ಅವಿಟ್ರ ಮುಗೀತು" ಎಂದ ಅಪ್ಪ.

ನನ್ನನ್ನು ಕೊಟ್ಟದ್ದು ಹುಮನಾಬಾದಿಗೆ, ಹಳೆಯ ಪೇಟೆಯ ಕಲ್ಲಿನ ಮನೆಗೆ. ಮೂರನೇ ತಿಂಗಳ ಅಮಾವಾಸ್ಯೆಗೆ ಅಪ್ಪ ಟೆಂಪೋದಿಂದ ಇಳಿದ. ಜೊತೆಗೆ ಗೋಣಿಚೀಲದಲ್ಲಿ ಸುತ್ತಿದ ಎರಡು ಕಲ್ಲು. ನಾನು ಮಲಗುವ ಕೋಣೆಯ ಗೋಡೆಗೆ ಕಿವಿ ಹಚ್ಚಿದ, ಬಡಿದ. ನನ್ನ ಮುಖ ನೋಡಿದ. ಮಾವನ ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಬೇಡಿಕೊಂಡು ಗೋಡೆ ಬಿಚ್ಚಿದ. ಅತ್ತೆ ಮೂಗು ಮುರಿದರು. ಇಡೀ ಕೋಣೆ ಧೂಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಎಲ್ಲಿ ಸಿಕ್ಕವು ಈ ಕಲ್ಲು?" ಎಂದೆ, ಹಲ್ಲು ಕಚ್ಚಿ.

"ಕೊಹಿನೂರ ಹಳ್ಳ್ಯಾಗ ಒಂದು ಮನಿ ಕೆಡವಿದ್ರವ್ವ."

"ಬೀಗರ ಮನಿ ಗ್ವಾಡಿ ಒಡ್ಯಾಕ ನಾಚಿಕಿ ಬರಂಗಿಲ್ಲೇನಪ್ಪ ನಿನಗ? ಇನ್ನ ಮ್ಯಾಲ ಹಿಂಗ ಬರಬ್ಯಾಡ."

ಅಪ್ಪ ಕೈ ತೊಳೆದುಕೊಂಡ. ಊಟಕ್ಕೆ ಏಳು ಎಂದು ನಾನು ಹೇಳಲಿಲ್ಲ, ಸಿಟ್ಟು. ನಿಂತೇ ಅರ್ಧ ಕಪ್ಪು ಚಹಾ ಕುಡಿದು ಹೋದ.

ಮುಂದಿನ ಹಬ್ಬಕ್ಕೆ ತವರಿಗೆ ಹೋದಾಗ ಅಂಗಳ ಖಾಲಿ ಇತ್ತು. ಅಪ್ಪನ ಹೊರಸಿನ ಗೋಡೆಗೆ ಹೊಸ ಗಿಲಾವು, ಸುಣ್ಣ. "ಎಲ್ಲಾ ಆತೇನಪ್ಪ?" ಎಂದೆ. "ಆತವ್ವ, ಮುಗೀತು" ಎಂದ. ಅಂದು ಆ ಮನೆಯಲ್ಲಿ ನಾನು ಮೊದಲ ಸಲ ಮಧ್ಯಾಹ್ನ ಕಣ್ತುಂಬ ಮಲಗಿದೆ.

ಐದು ವರ್ಷದ ಮೇಲೆ ಅಪ್ಪ ಅದೇ ಹೊರಸಿನ ಮೇಲೆ, ಎದೆನೋವಿನಿಂದ ಹೋದ. ಮರುವರ್ಷ ತಮ್ಮ ಹಳೆಯದನ್ನು ಕೆಡವಿ ಸ್ಲ್ಯಾಬಿನ ಮನೆ ಹಾಕಲು ಹೊರಟ. ನಾನು ಬಸ್ಸು ಹಿಡಿದು ನೋಡಲು ಹೋದೆ. ನಡುಕೋಣೆಯ ಗೋಡೆ, ಅಡಿಗೆಮನೆಯ ಗೋಡೆ ಹಾರೆಗೆ ಬಗ್ಗಲಿಲ್ಲ. ಒಂದೊಂದು ಉದ್ದಗಲ್ಲು ಎಳೆಯಲು ಇಬ್ಬರು ಬೇಕಾದರು. ಕೆಡವುವ ಗೌಂಡಿ "ಭಾಳ ಮಜಬೂತ್ ಮಾಡ್ಯಾರ್ರಿ" ಎಂದು ಬೆವರು ಒರೆಸಿಕೊಂಡ. ನನಗೆ ಹೆಮ್ಮೆ ಆಯಿತು.

ಓಣಿಯ ಕಡೆಯ ಗೋಡೆಗೆ ಅವನು ಹಾರೆ ಹಾಕಿದ್ದೇ ತಡ, ಅದು ಎರಡಾಗಿ ಸೀಳಿತು. ಒಂದು ಮೈ ಓಣಿಗೆ, ಇನ್ನೊಂದು ಮೈ ಒಳಗೆ, ಹೊರಸು ಇದ್ದ ಜಾಗದ ಮೇಲೆ, ರಪ್ ಎಂದು. ಧೂಳು ಇಳಿದ ಮೇಲೆ ಹುಡುಕಿದೆ. ಒಂದೂ ಉದ್ದಗಲ್ಲು ಇರಲಿಲ್ಲ.

"ಸುಳ್ಳ ಹೇಳ್ಯಾನ!" ಎಂದು ಚೀರಿದೆ. "ಅವ್ವಾ, ಇಟ್ಟೀನಿ ಅಂದಿದ್ನಲ್ಲ? ಆ ಎರಡು ಕಲ್ಲು ಎಲ್ಲಿ ಹೋದ್ವು?"

ಅವ್ವ ನೆರೆಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು ನನ್ನನ್ನು ನೋಡಿದಳು.

"ನಿನ್ನ ಮನಿಗಿ ಒಯ್ದ್ನಲ್ಲ, ಗೋಣಿಚೀಲದಾಗ ಸುತ್ತಿ. ಬ್ಯಾರೆ ಎಲ್ಲೂ ಸಿಗಲಿಲ್ಲ ಅವಗ. ಹೇಳಬ್ಯಾಡ ಅಂದಿದ್ದ."

ಅಂದು ಅವನು ನಿಂತು ಚಹಾ ಕುಡಿದ, ಬಸ್ಸು ಹತ್ತಿದ. ಬಂದು ಈ ಗೋಡೆಯ ಪಕ್ಕ ಮಲಗಿದ. ಐದು ವರ್ಷ ಮಲಗಿದ.